ತುಕ್ಕು ಹಿಡಿದದ್ದು ಚೈನಿಗೋ, ನಾಲಗೆಗೋ?



ಬೆಂಗಳೂರಿನ ಯಾವ ಗ್ಯಾರೇಜಿನ ಮುಂದೆ ಬೇಕಾದರೂ ಐದು ನಿಮಿಷ ನಿಲ್ಲಿ. “ಚೈನು ಫುಲ್ ರಸ್ಟ್ ಆಗಿದೆ ಸಾರ್” ಎಂಬ ಮಾತು ಕಿವಿಗೆ ಬಿದ್ದೇ ಬೀಳುತ್ತದೆ. ಹೇಳುವವನೂ ಕನ್ನಡಿಗ, ಕೇಳುವವನೂ ಕನ್ನಡಿಗ. ಹಾಗಾದರೆ ನಮ್ಮ ‘ತುಕ್ಕು’ ಎಲ್ಲಿ ಹೋಯಿತು? ಗ್ಯಾರೇಜಿನ ಹುಡುಗನನ್ನು ಬೈಯಬೇಡಿ. ಅವನು ಆ ಪದ ಕಲಿತದ್ದು ಓದು ಬಲ್ಲ ಗಿರಾಕಿಗಳಾದ ನಮ್ಮಿಂದಲೇ!

‘ತುಕ್ಕು’ ಸಂಸ್ಕೃತದಿಂದ ಬಂದದ್ದಲ್ಲ, ಪಾರಸಿಯಿಂದಲೂ ಅಲ್ಲ. ಅಚ್ಚ ದ್ರಾವಿಡ ಪದ. ತುಳುವಿನಲ್ಲೂ ತುಕ್ಕು, ತೆಲುಗಿನಲ್ಲಿ ತುಪ್ಪು, ತಮಿಳಿನಲ್ಲಿ ತುರು, ಮಲಯಾಳದಲ್ಲಿ ತುರುಂಬು. ಬರೋ ಮತ್ತು ಎಮೆನೋ ಎಂಬ ವಿದ್ವಾಂಸರು 1961ರಲ್ಲಿ ಮೊದಲು ಹೊರತಂದ ದ್ರಾವಿಡ ಪದಮೂಲ ಕೋಶದಲ್ಲಿ ಇವನ್ನೆಲ್ಲ ಒಂದೇ ಬುಡಕ್ಕೆ ಸೇರಿಸಿದ್ದಾರೆ. ನೆರೆಯವರೊಡನೆ ನೀರಿಗಾಗಿ, ಗಡಿಗಾಗಿ ಜಗಳವಾಡುವಾಗಲೂ ಈ ನೆಂಟಸ್ತಿಕೆ ನೆನಪಿರಲಿ.

ನಮ್ಮ ಹಿರಿಯರು ಎಲ್ಲವನ್ನೂ ಒಂದೇ ಪದದಲ್ಲಿ ಮುಗಿಸಲಿಲ್ಲ. ಕಬ್ಬಿಣಕ್ಕೆ ಹಿಡಿಯುವುದು ತುಕ್ಕು. ತಾಮ್ರ, ಹಿತ್ತಾಳೆ, ಕಂಚಿಗೆ ಹಿಡಿಯುವುದು ಕಿಲುಬು. ಅದಿರು ಕರಗಿಸಿದಾಗ ಉಳಿಯುವ ಕಸ ಕಿಟ್ಟ. ರಸಾಯನಶಾಸ್ತ್ರವೂ ಇದನ್ನೇ ಹೇಳುತ್ತದೆ. ನೀರು ಮತ್ತು ಗಾಳಿಯ ಆಮ್ಲಜನಕ ಎರಡೂ ಸೇರಿದರೆ ಕಬ್ಬಿಣಕ್ಕೆ ಕೆಂಪು ತುಕ್ಕು. ಅದು ಹಕ್ಕಳೆಯಾಗಿ ಉದುರಿ ಒಳಗಿನ ಕಬ್ಬಿಣವನ್ನು ಮತ್ತೆ ತಿನ್ನುತ್ತದೆ. ತಾಮ್ರದ ಹಸಿರು ಕಿಲುಬು ಬೇರೆಯೇ ವಸ್ತು. ಕಲಾಯಿ ಇಲ್ಲದ ಹಿತ್ತಾಳೆ ಪಾತ್ರೆಯಲ್ಲಿ ಹುಳಿ ಇಟ್ಟರೆ ಕಿಲುಬುತ್ತದೆ, ತಿನ್ನಬಾರದು ಎಂದು ಅಕ್ಷರ ಬಾರದ ಅಜ್ಜಿಗೂ ಗೊತ್ತಿತ್ತು. “ಹಿತ್ತಾಳೆ ರಸ್ಟ್ ಆಗಿದೆ” ಎನ್ನುವ ಪದವೀಧರನ ಮಾತು ಇಂಗ್ಲಿಷಿನಲ್ಲೂ ತಪ್ಪು!

ಹಾಗಾದರೆ ಹೊರಗಿನ ಪದವೆಲ್ಲ ತುಕ್ಕೇ? ಖಂಡಿತ ಅಲ್ಲ. ಉತ್ತರ ಕರ್ನಾಟಕದವರು ‘ಜಂಗು ಹಿಡಿದೈತಿ’ ಎನ್ನುತ್ತಾರೆ. ಅದು ಪಾರಸಿಯ ‘ಜಂಗ್’. ಬಂದಿತು, ದುಡಿಯಿತು, ನಮ್ಮದೇ ಆಯಿತು. ‘ಕಲಾಯಿ’ಯೂ ಹೊರಗಿನದೇ. ಬೇಕಾಗಿ ತಂದ ಪದ ಆಸ್ತಿ. ಮನೆಯಲ್ಲಿ ಇರುವ ಪದವನ್ನು ನಾಚಿಕೆಯಿಂದ ಅಟ್ಟಕ್ಕೆ ಎಸೆಯುವುದೇ ತುಕ್ಕು.

ಕನ್ನಡ ಪದಕ್ಕೆ ವಿಜ್ಞಾನದ ಭಾರ ಹೊರುವ ಶಕ್ತಿ ಇಲ್ಲ ಎನ್ನುವವರು ಕಾಫಿ ತೋಟಕ್ಕೆ ಹೋಗಿ ನೋಡಲಿ. ಎಲೆಯ ಮೇಲೆ ಕಿತ್ತಳೆ ಬಣ್ಣದ ಪುಡಿ ಕಟ್ಟುವ ಶಿಲೀಂಧ್ರದ ಕಾಯಿಲೆಗೆ ನಮ್ಮ ರೈತರು ‘ಎಲೆ ತುಕ್ಕು ರೋಗ’ ಎನ್ನುತ್ತಾರೆ. ಯಾರಿಗೂ ಅರ್ಥವಾಗದೆ ಹೋಗಿಲ್ಲ.

ಇನ್ನೊಂದು ಮಾತು. ದಕ್ಷಿಣ ಭಾರತದ ಹೆಸರಾಂತ ಉಕ್ಕನ್ನು ಯುರೋಪು ‘ವೂಟ್ಜ್’ ಎಂದು ಕರೆಯಿತು. 1795ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಜಾರ್ಜ್ ಪಿಯರ್ಸನ್ ಅದರ ಬಗ್ಗೆ ಬರೆದರು. ಆ ಹೆಸರು ಕನ್ನಡ, ತೆಲುಗುಗಳ ‘ಉಕ್ಕು’ ಎಂಬುದರ ತಿರುಚು ಎಂದೇ ಬಹುಪಾಲು ವಿದ್ವಾಂಸರ ಅಭಿಪ್ರಾಯ. ಜಗತ್ತಿಗೆ ಉಕ್ಕು ಕೊಟ್ಟವರಿಗೆ ತುಕ್ಕು ಎನ್ನಲು ನಾಚಿಕೆಯೇ?

ದಿನಾ ಮಣ್ಣು ಸೀಳುವ ನೇಗಿಲ ಕುಳ ಫಳಫಳ ಹೊಳೆಯುತ್ತದೆ. ಮೂಲೆಗಿಟ್ಟ ಕುಳಕ್ಕೆ ಒಂದೇ ಮಳೆಗಾಲ ಸಾಕು. ನುಡಿಯೂ ಅಷ್ಟೇ. ಅದಕ್ಕೆ ಪೂಜೆ ಬೇಡ, ಹಾರ ಬೇಡ, ಬಳಕೆ ಬೇಕು. ನಾಳೆ ಗ್ಯಾರೇಜಿನಲ್ಲಿ, ಐಟಿಐ ವರ್ಕ್‌ಶಾಪಿನಲ್ಲಿ, ಕಾಲೇಜಿನ ಪ್ರಯೋಗಾಲಯದಲ್ಲಿ ಬಾಯಿ ತುಂಬ ಹೇಳಿ: ಇದು ತುಕ್ಕು, ಅದು ಕಿಲುಬು.

ಉಜ್ಜಲು ಶುರು ಮಾಡೋಣ!