ಆರೋಗ್ಯ ಸೇವೆಯನ್ನು ಎಲ್ಲರ ಕಾನೂನುಬದ್ಧ ಹಕ್ಕಾಗಿಸಲು ಕೋರಿ ಮನವಿ ಪತ್ರ

ಇವರಿಗೆ,
ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಕ್ಷೇತ್ರಗಳ ಮಾನ್ಯ ಶಾಸಕರು ಹಾಗೂ ಮೈಸೂರು–ಕೊಡಗು, ಮಂಡ್ಯ, ಚಾಮರಾಜನಗರ ಕ್ಷೇತ್ರಗಳ ಮಾನ್ಯ ಲೋಕಸಭಾ ಸದಸ್ಯರು

ಮೂಲಕ: ಮಾನ್ಯ ಜಿಲ್ಲಾಧಿಕಾರಿಗಳು, ಮೈಸೂರು

ಇವರಿಂದ,
ನಾಲ್ಕು ಕ್ಷೇತ್ರಗಳ ಹೊಗೆಸೊಪ್ಪು ಬೆಳೆಗಾರರು, ಕೂಲಿಕಾರರು ಮತ್ತು ಬುಡಕಟ್ಟು ಹಾಡಿಗಳ ನಿವಾಸಿಗಳು

ಮಾನ್ಯರೇ,

ನಮ್ಮ ತಾಲ್ಲೂಕುಗಳು ಅಕ್ಕಪಕ್ಕದಲ್ಲೇ ಇದ್ದರೂ ಲೋಕಸಭೆಗೆ ಮೂರು ಕ್ಷೇತ್ರಗಳಾಗಿ ಹಂಚಿಹೋಗಿವೆ. ಒಬ್ಬರ ಬಳಿ ಹೋದರೆ ಇನ್ನೊಬ್ಬರತ್ತ ಕೈ ತೋರಿಸುವಂತಾಗಬಾರದೆಂದು ಏಳೂ ಜನಪ್ರತಿನಿಧಿಗಳಿಗೆ ಒಟ್ಟಾಗಿ ಈ ಮನವಿ ಸಲ್ಲಿಸುತ್ತಿದ್ದೇವೆ.

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ 2018ರಿಂದ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಒದಗಿಸುತ್ತಿದೆ. ಅದರಿಂದ ಉಳಿದ ಜೀವಗಳಿವೆ. ಆ ಕೃತಜ್ಞತೆ ನಮಗಿದೆ. ಆದರೆ ಅದು ಮುಖ್ಯವಾಗಿ ಆಸ್ಪತ್ರೆಗೆ ದಾಖಲಾದವರ ಯೋಜನೆ. ತಿಂಗಳು ತಿಂಗಳೂ ನುಂಗಬೇಕಾದ ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆಗೆ, ಮೈಸೂರಿಗೆ ಹೋಗಿಬರುವ ಖರ್ಚಿಗೆ, ತಪ್ಪಿಹೋದ ದಿನಗೂಲಿಗೆ ಅದು ಆಸರೆಯಲ್ಲ. ಎರಡು ಎಕರೆ ಹೊಗೆಸೊಪ್ಪು ಬೆಳೆಯುವವನ ಕೈಗೆ ಎಪಿಎಲ್ ಕಾರ್ಡ್ ಬಂದರೆ ನೆರವು ಶೇ. 30ಕ್ಕೆ, ಅದೂ 1.5 ಲಕ್ಷದ ಮಿತಿಯೊಳಕ್ಕೆ ಇಳಿಯುತ್ತದೆ. ಯಶಸ್ವಿನಿ ಆರೋಗ್ಯ ಯೋಜನೆಗೆ ಸಹಕಾರ ಸಂಘದ ಸದಸ್ಯತ್ವ ಬೇಕು; ಯಾವ ಸಂಘದಲ್ಲೂ ಹೆಸರಿಲ್ಲದ ಕೂಲಿಯವರು ಅದರಿಂದಲೂ ಹೊರಗೆ. ಕಾರ್ಡಿನ ಬಣ್ಣ ನೋಡಿ ಚಿಕಿತ್ಸೆ ಅಳೆಯುವ ಈ ಪದ್ಧತಿ ಕೊನೆಯಾಗಬೇಕು ಎಂಬುದೇ ನಮ್ಮ ಮೂಲ ಬೇಡಿಕೆ.

ಇಲ್ಲಿಯ ಕಾಯಿಲೆಗಳು ಇಲ್ಲಿಯ ದುಡಿಮೆಯಿಂದಲೇ ಹುಟ್ಟಿದವು. ಮಳೆಯಲ್ಲಿ ನೆನೆದ ಹಸಿ ಹೊಗೆಸೊಪ್ಪನ್ನು ಬರಿಗೈಯಲ್ಲಿ ಕೀಳುವಾಗ ನಿಕೋಟಿನ್ ಚರ್ಮದ ಮೂಲಕ ಮೈಗಿಳಿಯುತ್ತದೆ. ತಲೆಸುತ್ತು, ವಾಂತಿ, ಸುಸ್ತು ಬರುತ್ತದೆ. ಸಂಜೆಗೆ ಸರಿಹೋಗುತ್ತದೆಂದು ಸುಮ್ಮನಿರುವವರೇ ಹೆಚ್ಚು, ಅವರಲ್ಲಿ ಹೆಂಗಸರೇ ಬಹಳ. ಆಮೇಲೆ ಸೊಪ್ಪು ಹದಗೊಳಿಸುವ ಬ್ಯಾರನ್ನಿನ ಮುಂದೆ ಸೌದೆಯ ಹೊಗೆ, ರಾತ್ರಿಯಿಡೀ ನಿದ್ದೆಗೇಡು. ತಂಬಾಕು ಮಂಡಳಿ ಬ್ಯಾರನ್ನುಗಳನ್ನು ಎಷ್ಟು ನಿಷ್ಠೆಯಿಂದ ನೋಂದಾಯಿಸುತ್ತದೋ ಅಷ್ಟೇ ನಿಷ್ಠೆಯಿಂದ ಸೊಪ್ಪು ಕೀಳುವವರ ಆರೋಗ್ಯವೂ ದಾಖಲಾಗಲಿ. ಹಂಗಾಮಿನಲ್ಲಿ ಹರಾಜು ಮಾರುಕಟ್ಟೆಗಳ ಬಳಿಯೇ ತಪಾಸಣೆ ನಡೆಸುವುದು ಕಷ್ಟದ ಕೆಲಸವಲ್ಲ.

ಹಾಡಿಗಳ ಸ್ಥಿತಿ ಇನ್ನೂ ಕಠಿಣ. ನಾಗರಹೊಳೆಯಿಂದ ಹೊರಬಿದ್ದ 3,418 ಕುಟುಂಬಗಳನ್ನು ಹೈಕೋರ್ಟ್ ನೇಮಿಸಿದ ಪ್ರೊ. ಮುಜಾಫರ್ ಅಸ್ಸಾದಿ ಸಮಿತಿ 2014ರಲ್ಲಿ ಗುರುತಿಸಿತು. ಜೇನುಕುರುಬ, ಬೆಟ್ಟಕುರುಬ, ಯರವ ಜನರಲ್ಲಿ ಅನೇಕರು ಕೂಲಿಗಾಗಿ ಕೊಡಗಿನ ಕಾಫಿ ತೋಟಗಳಿಗೆ ಹೋಗಿಬರುತ್ತಾರೆ. ಗರ್ಭಿಣಿಯ ತಾಯಿ ಕಾರ್ಡ್ ಒಂದು ಜಿಲ್ಲೆಯಲ್ಲಿ, ಹೆರಿಗೆ ಇನ್ನೊಂದು ಜಿಲ್ಲೆಯಲ್ಲಿ. ಕ್ಷಯದ ಮಾತ್ರೆ ನಡುವೆ ನಿಂತುಹೋದರೆ ಕೇಳುವವರಿಲ್ಲ. ಡಿ.ಬಿ. ಕುಪ್ಪೆಯ ಕಡೆಗೆ ಕಾಡಿನ ರಸ್ತೆ ರಾತ್ರಿ ಮುಚ್ಚಿರುತ್ತದೆ. ಆಂಬುಲೆನ್ಸಿಗೆ ಗೇಟು ತೆರೆದರೂ ಅದು ಬರಬೇಕಾದ್ದು ದೂರದಿಂದ.

ಕೂಲಿಕಾರರೊಬ್ಬರನ್ನು ಹಾಸಿಗೆಯಿಲ್ಲವೆಂದು ಸರ್ಕಾರಿ ಆಸ್ಪತ್ರೆಗಳು ವಾಪಸು ಕಳಿಸಿದ ಪಶ್ಚಿಮ ಬಂಗಾಳದ ಪ್ರಕರಣದಲ್ಲಿ, ತುರ್ತು ಚಿಕಿತ್ಸೆ ಜೀವಿಸುವ ಹಕ್ಕಿನ ಭಾಗವೆಂದು ಸುಪ್ರೀಂ ಕೋರ್ಟ್ 1996ರಲ್ಲೇ ಹೇಳಿದೆ. ರಾಜಸ್ಥಾನ 2023ರಲ್ಲಿ ಆರೋಗ್ಯ ಹಕ್ಕಿನ ಕಾಯ್ದೆ ಮಾಡಿತು. ಕರ್ನಾಟಕವೂ ಮಾಡಲಿ, ಶಾಸಕರು ಸದನದಲ್ಲಿ ಇದನ್ನು ಕೇಳಲಿ. ಯಾವುದೇ ಸರ್ಕಾರಿ ಆಸ್ಪತ್ರೆಯಲ್ಲಿ ಹೊರರೋಗಿ ಚಿಕಿತ್ಸೆ, ಔಷಧಿ, ಪರೀಕ್ಷೆ ಕಾರ್ಡಿನ ಪ್ರಶ್ನೆಯಿಲ್ಲದೆ ಉಚಿತವೆಂದು ಕಾಯ್ದೆಯೇ ಹೇಳಲಿ.

ಕಾಯ್ದೆ ಬರುವವರೆಗೆ ಕಾಯಲಾಗದ ಕೆಲಸಗಳೂ ಇವೆ. ಸಾಲಿಗ್ರಾಮ, ಸರಗೂರು ಸೇರಿದಂತೆ ನಮ್ಮ ಭಾಗದ ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಯಾವ ಹುದ್ದೆ ಖಾಲಿಯಿದೆ ಎಂಬ ಪಟ್ಟಿಯನ್ನು ಪ್ರಕಟಿಸಿ, ಭರ್ತಿಯ ದಿನಾಂಕವನ್ನೂ ತಿಳಿಸಬೇಕು. ಬುಡಕಟ್ಟು ಪ್ರದೇಶದಲ್ಲಿ 3,000 ಜನರಿಗೊಂದು ಉಪಕೇಂದ್ರವೆಂಬ ಮಾನದಂಡವಿದ್ದರೂ, ಹಾಡಿಗಳಿಗೆ ತಲೆ ಎಣಿಸುವುದಕ್ಕಿಂತ ದೂರ ಅಳೆಯುವುದೇ ನ್ಯಾಯ. ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕೆಂದು ರಾಜ್ಯ 2024ರಲ್ಲಿ ಆದೇಶಿಸಿದೆ. ವರದಿಯ ಜೊತೆಗೆ ವಿಷನಿರೋಧಕ ಚುಚ್ಚುಮದ್ದೂ ಅದನ್ನು ಕೊಡಬಲ್ಲ ವೈದ್ಯರೂ ರಾತ್ರಿ ಸಿಗುವಂತಾಗಲಿ. ಕಾಡಂಚಿನಲ್ಲಿ 108 ವಾಹನ ನಿಲ್ಲಲಿ. 2023ರ ಸಿಕಲ್ ಸೆಲ್ ಅಭಿಯಾನದ ತಪಾಸಣೆ ಎಲ್ಲ ಹಾಡಿಗೂ ತಲುಪಿ, ರೋಗ ಕಂಡವರಿಗೆ ಚಿಕಿತ್ಸೆ ಮುಂದುವರಿಯಲಿ.

ಹಣದ ಮಾತು ಬರುತ್ತದೆಂದು ಬಲ್ಲೆವು. ರಾಜ್ಯಗಳು ಬಜೆಟ್ಟಿನ ಶೇ. 8ಕ್ಕಿಂತ ಹೆಚ್ಚನ್ನು ಆರೋಗ್ಯಕ್ಕೆ ಕೊಡಬೇಕೆಂದು 2017ರ ರಾಷ್ಟ್ರೀಯ ಆರೋಗ್ಯ ನೀತಿ 2020ರ ಗಡುವು ಇಟ್ಟಿತ್ತು. ಗಡುವು ದಾಟಿತು, ಕರ್ನಾಟಕ ಆ ಗುರಿ ಮುಟ್ಟಲಿಲ್ಲ. ಕೇಂದ್ರದ ಪಾಲು ಹೆಚ್ಚಿಸುವಂತೆ ಸಂಸದರು ಲೋಕಸಭೆಯಲ್ಲಿ ಒತ್ತಾಯಿಸಬೇಕು.

ಮುಂದಿನ ಬಜೆಟ್ ಅಧಿವೇಶನಕ್ಕೆ ಮೊದಲು ಏಳೂ ಜನಪ್ರತಿನಿಧಿಗಳು ತಮ್ಮ ನಿಲುವನ್ನು ಲಿಖಿತವಾಗಿ ತಿಳಿಸಬೇಕೆಂದೂ, ಹಾಡಿಯ ಪ್ರತಿನಿಧಿಗಳನ್ನು ಕೂರಿಸಿಕೊಂಡು ಜಿಲ್ಲಾ ಆರೋಗ್ಯಾಧಿಕಾರಿಗಳೊಂದಿಗೆ ಸಭೆ ಕರೆಯಬೇಕೆಂದೂ ಕೋರುತ್ತೇವೆ.

ಸ್ಥಳ: ಹುಣಸೂರು

ತಮ್ಮ ವಿಶ್ವಾಸಿಗಳು,
(ಸಹಿಗಳನ್ನು ಲಗತ್ತಿಸಲಾಗಿದೆ)