ಜಾತ್ರೆಯ ಅಂಗಡಿಸಾಲಿನಲ್ಲಿ ಲೇಖಕ



ಕಳೆದ ಮಾಘ ಮಾಸದಲ್ಲಿ ನಮ್ಮ ಸೀಮೆಯ ಮಠವೊಂದರ ಜಾತ್ರೆಯಲ್ಲಿ ನಾನು ಮೂರು ದಿನ ಅಂಗಡಿಯಿಟ್ಟು ಕುಳಿತಿದ್ದೆ. ಎಡಕ್ಕೆ ಬೆಂಡು ಬತ್ತಾಸಿನವರು, ಬಲಕ್ಕೆ ಬಳೆಯವರು. ನಡುವಿನ ಎಂಟಡಿ ಜಾಗದಲ್ಲಿ ಒಂದು ಮೇಜು, ತಲೆಯ ಮೇಲೊಂದು ತಾಡಪತ್ರಿ, ಮೇಜಿನ ಮೇಲೆ ನಾನೇ ಬರೆದು ನಾನೇ ಅಚ್ಚು ಹಾಕಿಸಿದ ಶರಣರ ಚರಿತ್ರೆಯ ಪುಸ್ತಕಗಳು. ಅದೇ ಮಠದ ವೇದಿಕೆಯ ಮೇಲೆ ಹಲವು ವರ್ಷ ಪ್ರವಚನ ಹೇಳಿದವನು ಅಂಗಡಿಸಾಲಿನಲ್ಲಿ ಚಿಲ್ಲರೆ ಎಣಿಸುವುದನ್ನು ಕಂಡು ಕೆಲವರು ನಕ್ಕರು, ಕೆಲವರು ಮರುಗಿದರು. ನಿಜ ಹೇಳಬೇಕೆಂದರೆ, ಮೊದಲನೆಯ ದಿನ ನನಗೂ ಸಂಕೋಚವೇ ಆಯಿತು. ಪರಿಚಿತರು ದೂರದಲ್ಲಿ ಕಾಣಿಸಿಕೊಂಡರೆ ಪುಸ್ತಕದ ಧೂಳು ಒರೆಸುವ ನೆಪದಲ್ಲಿ ಮುಖ ತಗ್ಗಿಸುತ್ತಿದ್ದೆ.

ಮಾರುವುದು ಕೀಳು, ಬರೆಯುವುದು ಮೇಲು ಎಂಬ ಭಾವನೆ ನಮ್ಮಲ್ಲಿ ಎಲ್ಲಿಂದ ಬಂದಿತೋ ತಿಳಿಯದು. ನಮ್ಮ ಪರಂಪರೆಯಲ್ಲಿಯಂತೂ ಅದಕ್ಕೆ ಆಧಾರವಿಲ್ಲ. ವಿಜಯಪುರದಲ್ಲಿ ವಕೀಲಿ ಮಾಡುತ್ತಿದ್ದ ಡಾ. ಫ. ಗು. ಹಳಕಟ್ಟಿಯವರು 1923ರಲ್ಲಿ ‘ವಚನಶಾಸ್ತ್ರ ಸಾರ’ದ ಮೊದಲ ಭಾಗವನ್ನು ಹೊರತಂದರು. ಮುಂದೆ ತಮ್ಮ ಮನೆಯನ್ನೇ ಮಾರಿ 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ತೆರೆದರು. 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ತಾಡವೋಲೆಗಳಲ್ಲಿ ಮಲಗಿದ್ದ ವಚನಗಳು ಇಂದು ನಮ್ಮ ಮನೆಯ ಜಗಲಿಯ ಮೇಲೆ ಇವೆಯೆಂದರೆ, ಆ ಸಂಶೋಧಕರು ಮುದ್ರಕರೂ ಪ್ರಕಾಶಕರೂ ಆಗಲು ಹಿಂಜರಿಯದೆ ಇದ್ದುದೇ ಅದಕ್ಕೆ ಕಾರಣ. ಅವರಿಗಿಂತ ಮೊದಲಿನವರಾದ ಗಳಗನಾಥರು ತಮ್ಮ ಕಾದಂಬರಿಗಳ ಗಂಟನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದ ಸಂಗತಿಯನ್ನು ಕನ್ನಡಿಗರೆಲ್ಲ ಬಲ್ಲರು. ಗದುಗಿನ ತೋಂಟದಾರ್ಯ ಮಠದ ಡಾ. ಸಿದ್ಧಲಿಂಗ ಮಹಾಸ್ವಾಮಿಗಳು 2018ರಲ್ಲಿ ಲಿಂಗೈಕ್ಯರಾದರು. ಗ್ರಂಥಪ್ರಕಟಣೆಯನ್ನು ಮಠದ ಕಾಯಕವನ್ನಾಗಿಸಿದ ಆ ಪೂಜ್ಯರನ್ನು ಜನರು ‘ಪುಸ್ತಕದ ಸ್ವಾಮಿಗಳು’ ಎಂದೇ ಪ್ರೀತಿಯಿಂದ ಕರೆಯುತ್ತಿದ್ದರು. ಇಂಥವರ ಸಾಲಿನ ಕೊನೆಯಲ್ಲಿ ಒಂದು ಮೇಜು ಹಾಕಿ ಕುಳಿತುಕೊಳ್ಳಲು ನಾನು ನಾಚಬೇಕಾದದ್ದೇನು?

ಆದರೂ ಸಂಕೋಚದ ನಿಜವಾದ ಕಾರಣ ನನಗೆ ಅರಿವಾದದ್ದು ಮೊದಲನೆಯ ದಿನದ ಸಂಜೆ. ಬಾಲ್ಯದಲ್ಲಿ ನನ್ನೊಡನೆ ಮಠದ ಪಾಠಶಾಲೆಯಲ್ಲಿ ಓದಿ, ಈಗ ದೊಡ್ಡ ವ್ಯಾಪಾರಸ್ಥರಾಗಿರುವ ಗೆಳೆಯರೊಬ್ಬರು ಅಂಗಡಿಯ ಮುಂದೆ ನಿಂತರು. ಕ್ಷಣಕಾಲ ನನ್ನನ್ನು ನೋಡಿದರು. ಪುಸ್ತಕದ ಬೆಲೆ 160 ರೂಪಾಯಿ. ಅವರು 500 ರೂಪಾಯಿಯ ನೋಟನ್ನು ಮೇಜಿನ ಮೇಲಿಟ್ಟು, “ಇರಲಿ ಬಿಡ್ರಿ ಶಾಸ್ತ್ರಿಗಳ, ಉಳಿದದ್ದು ನೀವೇ ಇಟ್ಟುಕೊಳ್ರಿ” ಎಂದು ಹೇಳಿ ಜನಸಂದಣಿಯಲ್ಲಿ ಮರೆಯಾದರು. ನಾನು ಕೃತಜ್ಞತೆಯಿಂದ ನೋಟನ್ನು ಪೆಟ್ಟಿಗೆಗೆ ಹಾಕಿದೆ. ಆಮೇಲೆ ನೋಡುತ್ತೇನೆ: ಅವರಿಗೆಂದು ತೆಗೆದಿಟ್ಟ ಪುಸ್ತಕ ಮೇಜಿನ ಮೇಲೆಯೇ ಉಳಿದಿತ್ತು. ಹಣ ಕೊಟ್ಟವರು ಪುಸ್ತಕವನ್ನು ಒಯ್ದಿರಲಿಲ್ಲ.

ಆ ರಾತ್ರಿ ಮಠದ ಪಡಸಾಲೆಯಲ್ಲಿ ಮಲಗಿದಾಗ ನಿದ್ರೆ ಹತ್ತಲಿಲ್ಲ. ನುಲಿಯ ಚಂದಯ್ಯನವರ ಪ್ರಸಂಗ ಮನಸ್ಸಿನಲ್ಲಿ ಸುಳಿಯತೊಡಗಿತು. ಹುಲ್ಲು ಕೊಯ್ದು ಹಗ್ಗ ಹೊಸೆದು ಮಾರಿ, ಬಂದುದರಲ್ಲಿ ಜಂಗಮ ದಾಸೋಹ ನಡೆಸುತ್ತಿದ್ದ ಶರಣರು ಅವರು. ಲಿಂಗವೇ ಅವರ ಹಗ್ಗವನ್ನು ಮಾರಲು ಹೋಯಿತೆಂದೂ, ಬಸವಣ್ಣನವರು ಭಕ್ತಿಯ ಭರದಲ್ಲಿ ಅದಕ್ಕೆ ಹಗ್ಗದ ಬೆಲೆಗಿಂತ ಎಷ್ಟೋ ಹೆಚ್ಚು ಹೊನ್ನು ಕೊಟ್ಟರೆಂದೂ, ಚಂದಯ್ಯನವರು ಅದನ್ನೊಪ್ಪದೆ ಸಲ್ಲಬೇಕಾದಷ್ಟನ್ನೇ ಬಯಸಿದರೆಂದೂ ಶೂನ್ಯಸಂಪಾದನೆಯ ಪರಂಪರೆ ಹೇಳುತ್ತದೆ. ಈ ಕಥೆಯನ್ನು ವೇದಿಕೆಯ ಮೇಲೆ ನಾನು ಅದೆಷ್ಟು ಸಲ ಹೇಳಿದ್ದೇನೋ! ಕಾಯಕ ಮಾಡಿದವನು ಹೆಚ್ಚಿಗೆ ಪಡೆಯಬಾರದೆಂಬುದೇ ಅದರ ತಾತ್ಪರ್ಯವೆಂದು ತಿಳಿದಿದ್ದೆ. ಅಂದು ಅದರ ಇನ್ನೊಂದು ಮುಖ ಕಂಡಿತು. ಬೆಲೆಗಿಂತ ಹೆಚ್ಚು ಕೊಡುವವನ ಕಣ್ಣಿಗೆ ಹಗ್ಗ ಕಾಣುವುದಿಲ್ಲ. ಹಗ್ಗವು ಹಗ್ಗವಾಗಿಯೇ ಬೇಕಾದವನು ಅದನ್ನು ಎಳೆದು ನೋಡುತ್ತಾನೆ, ಗಟ್ಟಿಯಿದ್ದರೆ ಸರಿಯಾದ ಬೆಲೆ ಕೊಡುತ್ತಾನೆ, ಮನೆಗೆ ಒಯ್ದು ಬಾವಿಗೆ ಬಿಡುತ್ತಾನೆ. ಕಾಯಕಕ್ಕೆ ಸಲ್ಲುವ ಗೌರವ ಅದೇ.

ಮರುದಿನ ಬೆಳಿಗ್ಗೆ ಪ್ರಸಾದದ ಸಾಲಿನಲ್ಲಿ ಆ ಗೆಳೆಯರನ್ನು ಹುಡುಕಿ, ಪುಸ್ತಕವನ್ನೂ 340 ರೂಪಾಯಿಯನ್ನೂ ಕೈಯಲ್ಲಿಟ್ಟೆ. ಅವರ ಮುಖ ಕಪ್ಪಿಟ್ಟಿತು. “ನನ್ನಿಂದ ಇಷ್ಟೂ ಬೇಡವಾತೇನ್ರಿ?” ಎಂದರು. “ನಿಮ್ಮಿಂದ ಇದಕ್ಕಿಂತ ದೊಡ್ಡದು ಬೇಕು, ಇದನ್ನು ಓದಬೇಕು” ಎಂದೆ. ಅವರು ಮಾತಾಡದೆ ಪುಸ್ತಕವನ್ನು ಬಗಲಲ್ಲಿಟ್ಟುಕೊಂಡು ಮುಂದೆ ಸಾಗಿದರು. ಐವತ್ತು ವರ್ಷಗಳ ಸ್ನೇಹವನ್ನು 340 ರೂಪಾಯಿಗೆ ಕಳೆದುಕೊಂಡೆನೇನೋ ಎಂಬ ಅಳುಕು ನನ್ನಲ್ಲಿ ಉಳಿಯಿತು.

ಇನ್ನು ಲೆಕ್ಕದ ಮಾತು. ಸ್ವತಃ ಪುಸ್ತಕ ಅಚ್ಚು ಹಾಕಿಸಬೇಕೆಂದಿರುವ ತರುಣರು ನಮ್ಮ ಮನೆಗಳಲ್ಲಿ ಈಗ ಅನೇಕರಿದ್ದಾರೆ. ಅವರ ಉಪಯೋಗಕ್ಕಾಗಿ ಇದನ್ನು ಮುಚ್ಚುಮರೆಯಿಲ್ಲದೆ ಬರೆಯುತ್ತಿದ್ದೇನೆ. 500 ಪ್ರತಿಗಳಿಗೆ 40,000 ರೂಪಾಯಿ ತಗುಲಿತು. ಎಂದರೆ ಪ್ರತಿಯೊಂದಕ್ಕೆ 80 ರೂಪಾಯಿ. ಮೂರು ದಿನದಲ್ಲಿ 42 ಪ್ರತಿಗಳು ಹೋದವು. ಬಂದದ್ದು 6,720 ರೂಪಾಯಿ. ಅಚ್ಚಿನ ಖರ್ಚು 3,360 ಕಳೆದರೆ ಅಷ್ಟೇ ಉಳಿಯಿತು. ಜಾಗದ ಬಾಡಿಗೆ, ಬಸ್ಸು, ಗಂಟುಗಳ ಲಗೇಜು, ತಾಡಪತ್ರಿ ಎಲ್ಲ ಸೇರಿ 2,500. ಕೈಯಲ್ಲಿ ನಿಂತದ್ದು 860 ರೂಪಾಯಿ. ಊಟಕ್ಕೆ ಖರ್ಚಿಲ್ಲ, ದಾಸೋಹದ ಪ್ರಸಾದ ಎಲ್ಲರಂತೆ ನನಗೂ ದೊರೆಯಿತು. ಅದೇ 42 ಪ್ರತಿಗಳನ್ನು ನೂರಕ್ಕೆ 40ರ ಕಮಿಷನ್ನಿಗೆ ಅಂಗಡಿಗೆ ಕೊಟ್ಟಿದ್ದರೆ 672 ರೂಪಾಯಿ ಉಳಿಯುತ್ತಿತ್ತು, ಅದೂ ಹಲವು ತಿಂಗಳ ಮೇಲೆ. ಆದುದರಿಂದ ಜಾತ್ರೆಯಲ್ಲಿ ಶ್ರೀಮಂತರಾಗುವ ಆಸೆ ಯಾರಿಗೂ ಬೇಡ. ಅಲ್ಲಿ ದೊರೆಯುವ ಲಾಭ ಬೇರೆ: 42 ಜನ ಓದುಗರ ಮುಖವನ್ನು ಕಂಡೆ, ಅವರು ಯಾವ ಪುಟವನ್ನು ತೆರೆದು ನಿಂತರೆಂಬುದನ್ನೂ ಕಂಡೆ.

ಮೇಜಿನ ಒಂದು ಬದಿಗೆ ಸಣ್ಣ ಸಾಮಾನುಗಳನ್ನೂ ಇಟ್ಟಿದ್ದೆ. ವಿಭೂತಿ ಗಟ್ಟಿ, ಶಿವದಾರ, ಇಷ್ಟಲಿಂಗ ಪೂಜೆಯ ಕ್ರಮವನ್ನು ಅಚ್ಚು ಹಾಕಿಸಿದ ಹತ್ತು ರೂಪಾಯಿಯ ಕಾರ್ಡು, ಇಷ್ಟೇ. ಇವುಗಳಿಂದ ಉಳಿದದ್ದು 1,180 ರೂಪಾಯಿ, ಪುಸ್ತಕಗಳಿಗಿಂತ ಹೆಚ್ಚು! ಬಸವಣ್ಣನವರ ಚಿತ್ರವಿರುವ ಕೀಲಿ ಗೊಂಚಲುಗಳನ್ನೂ ಇಡಬೇಕೆಂದು ಮೊಮ್ಮಗ ಹಟ ಹಿಡಿದಿದ್ದ. ನಾನೊಪ್ಪಲಿಲ್ಲ. ಪೂಜೆಗೆ ಅಥವಾ ಓದಿಗೆ ಒದಗುವ ವಸ್ತುವಾದರೆ ಇರಲಿ. ಮಹಾತ್ಮರ ಚಿತ್ರ ಕಾಲ ಕೆಳಗೆ ಬೀಳುವ ಸಂಭವವಿರುವಂಥದ್ದು ಬೇಡ ಎಂಬುದು ನನ್ನ ಎಣಿಕೆ. ವಿಭೂತಿಯ ಪೊಟ್ಟಣದ ಮೇಲೆ ‘ಶ್ರೀಗಳ ಹಸ್ತದಿಂದ ಆಶೀರ್ವದಿಸಿದ್ದು’ ಎಂದು ಚೀಟಿ ಅಂಟಿಸಿದರೆ ಎರಡು ಪಟ್ಟು ಬೆಲೆ ಬರುತ್ತದೆಂದು ಮತ್ತೊಬ್ಬರು ಕಿವಿಮಾತು ಹೇಳಿದರು. ಆಶೀರ್ವಾದ ನಿಜವಾದರೆ ಅದಕ್ಕೆ ಬೆಲೆ ಕಟ್ಟಲಾಗದು. ಸುಳ್ಳಾದರೆ ಅದು ಕಳವು. ಸಣ್ಣ ಸಾಮಾನು ಅಂಗಡಿಯ ಬಾಡಿಗೆಯನ್ನು ತೀರಿಸಲಿ, ಆದರೆ ಪುಸ್ತಕವನ್ನು ಮೂಲೆಗೆ ತಳ್ಳದಿರಲಿ.

ಕೆಲವು ಸಣ್ಣ ಅನುಭವಗಳು ಹೊಸಬರಿಗೆ ನೆರವಾದಾವು. 200 ಪುಟದ 100 ಪುಸ್ತಕಗಳ ಗಂಟು ಸುಮಾರು 25 ಕಿಲೋ ತೂಗುತ್ತದೆ, ಹೊರಬಲ್ಲಷ್ಟನ್ನೇ ಒಯ್ಯಬೇಕು. ತೇರು ಎಳೆಯುವ ಹೊತ್ತಿನಲ್ಲಿ ಜನ ಉತ್ತತ್ತಿ ಎಸೆಯುವುದರಲ್ಲಿರುತ್ತಾರೆ. ಆಗ ಒಂದು ಪ್ರತಿಯೂ ಹೋಗದು, ಪುಸ್ತಕಗಳನ್ನು ಮುಚ್ಚಿಟ್ಟು ನಾವೂ ತೇರಿಗೆ ಕೈಮುಗಿಯುವುದೇ ಲೇಸು. ಪ್ರಸಾದವಾದ ಮೇಲೆ, ಪ್ರವಚನ ಆರಂಭವಾಗುವ ಮೊದಲು, ಮನೆಮಂದಿ ನಿಧಾನವಾಗಿ ಅಡ್ಡಾಡುವ ಹೊತ್ತೇ ಮಾರಾಟದ ಹೊತ್ತು. ಮೊಬೈಲಿನಿಂದ ಹಣ ಪಡೆಯುವ ಕ್ಯೂಆರ್ ಚೀಟಿ ಈಗ ಅವಶ್ಯ. ಆದರೂ ಹತ್ತರ, ಇಪ್ಪತ್ತರ ಚಿಲ್ಲರೆ ಇರಲೇಬೇಕು, ಏಕೆಂದರೆ ಹಿರಿಯ ತಾಯಂದಿರು ಸೆರಗಿನ ಗಂಟು ಬಿಚ್ಚಿಯೇ ಕೊಡುತ್ತಾರೆ.

ಮನೆಮನೆಯ ಹಿರಿಯರಲ್ಲಿಯೂ ನನ್ನದೊಂದು ಬಿನ್ನಹವಿದೆ. ಜಾತ್ರೆಗೆ ಹೊರಡುವಾಗ ಮಕ್ಕಳ ಆಟಿಕೆಗೆ, ಮಿರ್ಚಿ ಮಂಡಕ್ಕಿಗೆ ಹಣ ತೆಗೆದಿಡುವಂತೆ ಒಂದು ಪುಸ್ತಕಕ್ಕೂ ತೆಗೆದಿಡಿ. ಬರೆದವರನ್ನು ಕಂಡು “ಒಂದು ಗೌರವ ಪ್ರತಿ ಕೊಡ್ರಿ” ಎಂದು ಕೇಳಬೇಡಿ. ಮರುಗಿ ಹೆಚ್ಚಿಗೂ ಕೊಡಬೇಡಿ. ನಾಲ್ಕು ಪುಟ ಓದಿ ನೋಡಿ, ಹಿಡಿಸಿದರೆ ಅದರ ಬೆಲೆ ಕೊಟ್ಟು ಒಯ್ಯಿರಿ, ಹಿಡಿಸದಿದ್ದರೆ ಅಲ್ಲಿಯೇ ಇಟ್ಟುಬಿಡಿ. ಅದರಿಂದ ನಮಗೆ ನೋವಿಲ್ಲ.

ಶಿವರಾತ್ರಿ ಕಳೆದು ಹದಿನೈದು ದಿನಗಳಾಗಿದ್ದವು. ಒಂದು ರಾತ್ರಿ ಗೆಳೆಯರಿಂದ ದೂರವಾಣಿ ಕರೆ ಬಂದಿತು. ಕುಶಲವನ್ನೂ ಕೇಳದೆ ಅವರು ಆರಂಭಿಸಿದರು: “ಶಾಸ್ತ್ರಿಗಳ, 71ನೆಯ ಪುಟದಾಗ ನೀವು ಬರೆದದ್ದಕ್ಕೂ 118ನೆಯ ಪುಟದಾಗ ಬರೆದದ್ದಕ್ಕೂ ಹೊಂದಿಕಿ ಇಲ್ಲ ನೋಡ್ರಿ. ಯಾವುದು ಖರೆ?” ಪುಸ್ತಕ ತೆಗೆದು ನೋಡಿದೆ. ತಪ್ಪು ನನ್ನದೇ ಆಗಿತ್ತು. ನಾಲ್ಕು ಸಲ ಕರಡು ತಿದ್ದಿದ ನನ್ನ ಕಣ್ಣಿಗೆ ಬೀಳದ ದೋಷವನ್ನು ಅವರು ಹಿಡಿದಿದ್ದರು. ಉಳಿದ ಪ್ರತಿಗಳಲ್ಲಿ ಅದನ್ನು ಕೈಯಿಂದಲೇ ತಿದ್ದಿಟ್ಟಿದ್ದೇನೆ.

ಮುಂದಿನ ಜಾತ್ರೆಗೂ ಜಾಗಕ್ಕಾಗಿ ಹೆಸರು ಬರೆಸಿದ್ದೇನೆ.