ಹೆಸರು ಹೇಳುವ ಮೊದಲು ಅಳೆಯಲು ಬಿಡೋಣ

ನಮ್ಮ ಪಾಠ ಯೋಜನೆಯ ನಮೂನೆಯಲ್ಲಿ ಪೀಠಿಕೆಯ ಬೆನ್ನಿಗೇ ‘ವಿಷಯ ಘೋಷಣೆ’ ಎಂಬ ಅಂಕಣವಿದೆ. ಮೊದಲ ಐದು ನಿಮಿಷದೊಳಗೆ ಅಂದಿನ ಪಾಠದ ಹೆಸರು ಕಪ್ಪುಹಲಗೆಯ ಮೇಲೆ ಬರಬೇಕು. ಬಹುಪಾಲು ಪಾಠಗಳಿಗೆ ಇದು ಒಳ್ಳೆಯ ನಿಯಮ. ಆದರೆ ಒಂದು ಉಪಕರಣವನ್ನು ಮಕ್ಕಳೇ ಗುರುತಿಸಬೇಕಾದ ಅಳತೆಯ ಪಾಠಕ್ಕೆ ಇದು ಅಡ್ಡಿಯಾಗುತ್ತದೆ ಎಂಬುದು ನನ್ನ ಅಭಿಪ್ರಾಯ. ಹೆಸರನ್ನು ಮೊದಲೇ ಹೇಳಿಬಿಟ್ಟರೆ ಮಕ್ಕಳಿಗೆ ಅಳೆಯಲು ಕಾರಣವೇ ಉಳಿಯುವುದಿಲ್ಲ.

ಈ ಸಲದ ಬೋಧನಾಭ್ಯಾಸದಲ್ಲಿ 8ನೇ ತರಗತಿಗೆ ನಾನು ಒಯ್ದದ್ದು ಒಂದು ಹಳೆಯ ಉಕ್ಕಿನ ಸ್ಕೇಲು. ಫೌಂಡ್ರಿಯಲ್ಲಿ ಕೆಲಸ ಮಾಡಿ ನಿವೃತ್ತರಾದ ನನ್ನ ಸೋದರಮಾವನ ಪೆಟ್ಟಿಗೆಯಲ್ಲಿ ಉಳಿದಿದ್ದ ವಸ್ತು ಅದು. 12 ಇಂಚಿನ ಗುರುತುಗಳು ಸ್ಪಷ್ಟವಾಗಿವೆ, ಅಕ್ಷರಗಳು ಮಾತ್ರ ಸವೆದುಹೋಗಿವೆ. ನೋಡಿದರೆ ಅಂಗಡಿಯಲ್ಲಿ ಸಿಗುವ ಯಾವುದೇ ಒಂದಡಿ ಸ್ಕೇಲಿನಂತೆಯೇ ಕಾಣುತ್ತದೆ. ಇದರ ಜೊತೆಗೆ ಪ್ರಯೋಗಾಲಯದ ಮೀಟರ್ ಸ್ಕೇಲನ್ನು ಮೇಜಿನ ಮೇಲಿಟ್ಟು, ಇದು ಏನು, ಯಾರು ಬಳಸಿರಬಹುದು ಎಂದಷ್ಟೇ ಕೇಳಿದೆ.

ಒಂದೊಂದು ಗುಂಪು ಒಂದೊಂದು ಗುರುತನ್ನು ಅಳೆದು ಹಲಗೆಯ ಮೇಲೆ ಬರೆಯಿತು. 3 ಇಂಚಿನ ಗುರುತು 7.7 ಸೆಂ.ಮೀ.ಗೆ ಬಂತು, 6ರದು 15.4ಕ್ಕೆ, 9ರದು 23.1ಕ್ಕೆ, 12ರದು 30.8ಕ್ಕೆ. ಒಂದು ಇಂಚು ಅಂದರೆ 2.54 ಸೆಂ.ಮೀ. ಎಂದು ಮಕ್ಕಳಿಗೆ ಗೊತ್ತಿತ್ತು. ಆ ಲೆಕ್ಕದಲ್ಲಿ 12 ಇಂಚಿಗೆ 30.5 ಸೆಂ.ಮೀ. ಸಾಕು. ಒಂದು ಇಂಚಿನಲ್ಲಿ ಕಣ್ಣಿಗೆ ಬೀಳದ ವ್ಯತ್ಯಾಸ 12 ಇಂಚಿಗೆ ಹೋಗುವಷ್ಟರಲ್ಲಿ ಪೂರ್ತಿ 3 ಮಿ.ಮೀ. ಆಗಿತ್ತು. “ಮಿಸ್, ಈ ಸ್ಕೇಲು ಸುಳ್ಳು ಹೇಳ್ತಿದೆ” ಅಂದ ಒಬ್ಬ ಹುಡುಗ.

ಆಮೇಲೆ ಬಂದ ಊಹೆಗಳೇ ಆ ಪಾಠದ ಜೀವಾಳ. ಸ್ಕೇಲಿನ ತುದಿ ಸವೆದಿರಬೇಕು ಎಂದಿತು ಒಂದು ಗುಂಪು. ಸವೆದಿದ್ದರೆ ಅಳತೆ ಕಡಿಮೆ ಬರಬೇಕಿತ್ತು, ಅದೂ ಎಲ್ಲ ಗುರುತುಗಳಲ್ಲಿ ಒಂದೇ ಪ್ರಮಾಣದಲ್ಲಿ. ಇಲ್ಲಿ ವ್ಯತ್ಯಾಸ ಹೆಚ್ಚಾಗಿದೆ, ಉದ್ದದ ಜೊತೆ ಬೆಳೆಯುತ್ತಲೂ ಇದೆ. ಶೂನ್ಯ ದೋಷಕ್ಕೂ ಅಳತೆಪಟ್ಟಿಯ ದೋಷಕ್ಕೂ ಇರುವ ಅಂತರವನ್ನು ಮಕ್ಕಳು ಆ ಪದಗಳಿಲ್ಲದೆಯೇ ಕಂಡುಕೊಂಡರು. ಬಟ್ಟೆ ಅಂಗಡಿಯವರ ಮೋಸದ ಸ್ಕೇಲು ಇರಬಹುದು ಎಂದರು ಹಿಂದಿನ ಬೆಂಚಿನವರು. “ಉದ್ದದ ಇಂಚು ಅಳೆದುಕೊಟ್ಟರೆ ಅಂಗಡಿಯವನಿಗೇ ನಷ್ಟ ಅಲ್ವಾ?” ಎಂದು ಮುಂದಿನ ಬೆಂಚಿನವರೇ ತಳ್ಳಿಹಾಕಿದರು.

ಬಿಸಿಗೆ ಹಿಗ್ಗಿದೆ ಎಂಬುದು ಮೂರನೆಯ ಊಹೆ. ಉಕ್ಕು ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ತನ್ನ ಉದ್ದದ ಒಂದು ಲಕ್ಷದಲ್ಲಿ ಸುಮಾರು 1.2 ಪಾಲು ಹಿಗ್ಗುತ್ತದೆ ಎಂಬ ಅಂಕಿಯನ್ನು ನಾನು ಕೊಟ್ಟೆ. ಶೇ. 1ಕ್ಕಿಂತ ತುಸು ಹೆಚ್ಚು ಹಿಗ್ಗಲು ಸುಮಾರು 870 ಡಿಗ್ರಿ ಏರಿಕೆ ಬೇಕು ಎಂದು ಅವರೇ ಲೆಕ್ಕ ಹಾಕಿದರು. ಅಷ್ಟು ಬಿಸಿಯಾದ ಸ್ಕೇಲು ಕೆಂಪಗೆ ಕಾದಿರುತ್ತದೆ, ಕೈಯಲ್ಲಿ ಹಿಡಿಯಲಾಗದು. ಹಾಗಾಗಿ ಆ ಊಹೆಯೂ ಬಿತ್ತು.

ಇದನ್ನು ಬಳಸಿದವರು ಮರದಲ್ಲಿ ಮಾಡಿಕೊಟ್ಟದ್ದನ್ನು ಬೇರೆಯವರು ಕಬ್ಬಿಣದಲ್ಲಿ ಮಾಡುತ್ತಿದ್ದರು ಎಂಬ ಸುಳಿವನ್ನು ಆಗ ಕೊಟ್ಟೆ. ಎರಕದ ಕೆಲಸಕ್ಕೆ ಹೋಗುವವರ ಮಗಳೊಬ್ಬಳು ತರಗತಿಯಲ್ಲಿದ್ದಳು. ಅಲ್ಲಿಯವರೆಗೆ ಸುಮ್ಮನಿದ್ದ ಅವಳು ಎದ್ದು, “ಕಬ್ಬಿಣ ಆರಿದ ಮೇಲೆ ಸಣ್ಣದಾಗುತ್ತೆ ಮಿಸ್, ಅದಕ್ಕೇ ದೊಡ್ಡದಾಗಿ ಮಾಡ್ತಾರೆ” ಅಂದಳು.

ವಿಷಯ ಅದೇ. ಇದು ಪ್ಯಾಟರ್ನ್ ಮಾಡುವವರ ಶ್ರಿಂಕ್ ಸ್ಕೇಲು. ಎರಕದಲ್ಲಿ ಮೊದಲು ಮರದ ಮಾದರಿ ಮಾಡಿ, ಅದನ್ನು ಮರಳಿನಲ್ಲಿ ಒತ್ತಿ ಅಚ್ಚು ತೆಗೆಯುತ್ತಾರೆ. ಅಚ್ಚಿಗೆ ಹೊಯ್ದ ಬೀಡುಕಬ್ಬಿಣ ಸುಮಾರು 1150 ಡಿಗ್ರಿಯ ಹೊತ್ತಿಗೆ ಗಟ್ಟಿಯಾಗಿ, ಕೋಣೆಯ ಉಷ್ಣತೆಗೆ ಇಳಿಯುವಷ್ಟರಲ್ಲಿ ಸುಮಾರು ಶೇ. 1ರಷ್ಟು ಕುಗ್ಗುತ್ತದೆ. ಆದ್ದರಿಂದ ಮಾದರಿ ಅಷ್ಟೇ ದೊಡ್ಡದಾಗಿರಬೇಕು. ಪ್ರತಿ ಅಳತೆಗೂ ಗುಣಾಕಾರ ಮಾಡುತ್ತ ಕೂತರೆ ತಪ್ಪು ನುಸುಳುತ್ತದೆ. ಅದಕ್ಕೆ ಬದಲು ಸ್ಕೇಲಿನ ಇಂಚನ್ನೇ ಹಿಗ್ಗಿಸಿದರು: ಬೀಡುಕಬ್ಬಿಣಕ್ಕೆ ಅಡಿಗೆ 1/8 ಇಂಚು, ಹಿತ್ತಾಳೆಗೆ 3/16, ಎರಕದ ಉಕ್ಕಿಗೆ 1/4. ಲೋಹಕ್ಕೊಂದು ಸ್ಕೇಲು. ಬಿಸಿಯಿಂದ ಎಂದ ಗುಂಪಿನ ಊಹೆ ಪೂರ್ತಿ ಸುಳ್ಳಾಗಿರಲಿಲ್ಲ. ಬಿಸಿ ಸ್ಕೇಲಿನದಲ್ಲ, ಎರಕದ್ದು. 1923ರಲ್ಲಿ ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆ ಆರಂಭವಾದ, ಬೆಳಗಾವಿ, ಶಿವಮೊಗ್ಗಗಳಲ್ಲಿ ಇಂದಿಗೂ ಫೌಂಡ್ರಿಗಳಿರುವ ನಾಡಿನ ಮಕ್ಕಳಿಗೆ ಇದು ದೂರದ ಸಂಗತಿಯಲ್ಲ.

ಆ ದಿನದ ವೀಕ್ಷಣಾ ಹಾಳೆಯಲ್ಲಿ ನನಗೆ ಎರಡು ಕಡೆ ಅಂಕ ಕಡಿತವಾಯಿತು. ‘ವಿಷಯ ಘೋಷಣೆ ಇಲ್ಲ’ ಎಂಬುದು ಒಂದು. ‘ಬೋಧನೋಪಕರಣವನ್ನು ಸ್ವತಃ ತಯಾರಿಸಿಲ್ಲ’ ಎಂಬುದು ಇನ್ನೊಂದು. ಅಂಕದ ದೂರು ಹೇಳಲು ಇದನ್ನು ಬರೆಯುತ್ತಿಲ್ಲ. ಹಾಳೆಯಲ್ಲಿರುವಂತೆ ವೀಕ್ಷಕರು ಗುರುತು ಹಾಕಿದ್ದಾರೆ. ಗುರಿ ಹೇಳದೆ ಆರಂಭಿಸಿದ ಪಾಠ ದಾರಿ ತಪ್ಪುವ ಸಂಭವ ಹೆಚ್ಚು ಎಂಬ ಅವರ ಆತಂಕವೂ ನ್ಯಾಯವೇ. ಆದರೆ ಹಾಳೆಯಲ್ಲಿರುವುದನ್ನೇ ನಾವು ಪ್ರಶಿಕ್ಷಣಾರ್ಥಿಗಳು ಕಲಿಯುತ್ತೇವೆ. ಥರ್ಮಾಕೋಲಿನ ವರ್ನಿಯರ್ ಮಾದರಿಗೆ ಅಂಕ ಸಿಕ್ಕಿ, ಮಕ್ಕಳ ಕೈಗೆ ಕೊಟ್ಟ ನಿಜವಾದ ಉಪಕರಣಕ್ಕೆ ಸಿಗದಿದ್ದರೆ, ಮುಂದಿನ ಮೂವತ್ತು ವರ್ಷ ನಾವು ಮಾಡುವುದು ಥರ್ಮಾಕೋಲಿನ ಪಾಠವನ್ನೇ.

ಇದಕ್ಕೆ ಆಕ್ಷೇಪಗಳುಂಟು. ಫೋನಿನಲ್ಲಿ ಫೋಟೋ ಹಾಕಿ ಹುಡುಕಿದರೆ ಹೆಸರು ಸಿಗುವಾಗ ಈ ಕಸರತ್ತು ಏಕೆ ಎನ್ನಬಹುದು. ಈ ಸ್ಕೇಲಿನ ವಿಶೇಷ ಅದರ ರೂಪದಲ್ಲಿಲ್ಲ, 3 ಮಿ.ಮೀ.ನಲ್ಲಿದೆ, ಅದು ಅಳೆದವರಿಗಷ್ಟೇ ಕಾಣುತ್ತದೆ. ಸಮಯ ಎಲ್ಲಿದೆ ಎಂಬುದು ಎರಡನೆಯದು. ಈ ಪಾಠಕ್ಕೆ ಎರಡು ಅವಧಿ ಬೇಕಾಯಿತು, ನಿಜ. ಆದರೆ ಶೇಕಡಾವಾರು, ಅಳತೆಯ ದೋಷ, ಉಷ್ಣದಿಂದ ಹಿಗ್ಗುವಿಕೆ ಮೂರೂ ಅದರೊಳಗೆ ಬಂದವು. ಎಲ್ಲರಿಗೂ ಇಂಥ ಸ್ಕೇಲು ಸಿಗುವುದಿಲ್ಲ ಎಂಬುದು ಮೂರನೆಯದು. ಅದಕ್ಕೆ ಉಪಾಯವಿದೆ: 25 ಸೆಂ.ಮೀ. ಸ್ಕೇಲಿನ ಚಿತ್ರವನ್ನು ಜೆರಾಕ್ಸ್ ಅಂಗಡಿಯಲ್ಲಿ ಶೇ. 101ಕ್ಕೆ ಹಿಗ್ಗಿಸಿ ರಟ್ಟಿಗೆ ಅಂಟಿಸಿದರೆ ಕೊನೆಯ ಗುರುತು 25.25ಕ್ಕೆ ಬರುತ್ತದೆ. ಒಂದು ಎಚ್ಚರಿಕೆ: ಪಾಠ ಮುಗಿದ ಮೇಲೆ ಇದನ್ನು ಬಣ್ಣದ ಪಟ್ಟಿ ಸುತ್ತಿ ಪ್ರತ್ಯೇಕವಾಗಿಡಿ. ಬೇರೆ ಸ್ಕೇಲುಗಳ ಜೊತೆ ಬೆರೆತರೆ ಮುಂದಿನ ಪ್ರಯೋಗಗಳೆಲ್ಲ ಕೆಡುತ್ತವೆ.

ನನ್ನ ಸಲಹೆ ಎರಡೇ. ವೀಕ್ಷಣಾ ಹಾಳೆಯ ‘ವಿಷಯ ಘೋಷಣೆ’ಯ ಮುಂದೆ ‘ಅಥವಾ ಸ್ಪಷ್ಟವಾದ ತನಿಖಾ ಪ್ರಶ್ನೆ’ ಎಂದು ಸೇರಿಸಿ, ‘ಸ್ವತಃ ತಯಾರಿಸಿದ’ ಎಂಬುದರ ಜೊತೆ ‘ಅಥವಾ ಸಂಗ್ರಹಿಸಿದ’ ಎಂದು ಬರೆಯಬೇಕು. ಗುರಿಯನ್ನು ಪಾಠ ಯೋಜನೆಯಲ್ಲಿ ಬರೆದು ವೀಕ್ಷಕರಿಗೆ ಮೊದಲೇ ಕೊಟ್ಟರೆ ಅವರ ಆತಂಕಕ್ಕೂ ಉತ್ತರ ಸಿಗುತ್ತದೆ. ಎರಡನೆಯದಾಗಿ, ವಿಜ್ಞಾನ ಬೋಧನಾ ಪ್ರಯೋಗಾಲಯದಲ್ಲಿ ಒಂದು ಕಪಾಟನ್ನು ಹಳೆಯ ಅಳತೆ ಸಾಧನಗಳಿಗೆ ಬಿಡಬೇಕು. ಅಕ್ಕಸಾಲಿಗರ ತಕ್ಕಡಿ, ಹಾಲು ಡೇರಿಯ ಲ್ಯಾಕ್ಟೋಮೀಟರು, ತಂತಿಯ ದಪ್ಪ ನೋಡುವ ಗೇಜು, ಸೇರು, ಪಾವು – ಇವು ನಮ್ಮ ಮನೆಗಳಲ್ಲೇ ಇವೆ, ಗುಜರಿಗೆ ಹೋಗುತ್ತಲೂ ಇವೆ. ಮುಂದಿನ ಬೋಧನಾಭ್ಯಾಸಕ್ಕೆ ಮೊದಲು ತಲಾ ಒಬ್ಬರು ಒಂದನ್ನು ತಂದರೂ ಕಪಾಟು ತುಂಬುತ್ತದೆ. ಶ್ರಿಂಕ್ ಸ್ಕೇಲನ್ನು ನಾನು ಈಗಾಗಲೇ ಪ್ರಯೋಗಾಲಯಕ್ಕೆ ಕೊಟ್ಟಿದ್ದೇನೆ, ಬೇಕಾದವರು ಒಯ್ಯಬಹುದು. ಮಕ್ಕಳಿಗೆ ಮಾತ್ರ ಅದರ ಹೆಸರನ್ನು ಮೊದಲೇ ಹೇಳಬೇಡಿ.